ಎಡೆಗಿಟ್ಟ ಬೀಡಿ

ನನ್ನ ಅಳಿಯ ಯೋಗರಾಜನ ಎಡಗಾಲಿಗೆ ನಾಲ್ಕೇ ಬೆರಳು. ಬಲಗಾಲಿಗೆ ಐದೂ ಇವೆ. ಆ ಐದು ಹೇಗೆ ಉಳಿದವು ಎಂಬುದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಓಟದಲ್ಲಿ ಗೆದ್ದವರ ಫೋಟೋ ಪೇಪರಿನಲ್ಲಿ ಬರುತ್ತದೆ, ಎಲೆಕ್ಷನ್ನಿನಲ್ಲಿ ಸೋತವರದ್ದೂ ಬರುತ್ತದೆ. ಸಿಗರೇಟು ಬಿಟ್ಟವನ ಫೋಟೋ ಯಾರು ಹಾಕುತ್ತಾರೆ? ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಕಂಡದ್ದನ್ನು ಮರೆಯುವ ಪೈಕಿ ಅಲ್ಲ. ಅಳಿಯನನ್ನು ಅವನು ಇವನು ಎಂದು ಬರೆಯುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. ನನಗೆ ಗಂಡುಮಕ್ಕಳಿಲ್ಲ, ಎದುರಿಗೂ ಹಾಗೇ ಮಾತಾಡಿಸುವುದು.

ಯೋಗರಾಜ ಶಿವಮೊಗ್ಗದ ಹತ್ತಿರದ ಸೋಗಾನೆಯವನು. ಈಗ ವಿಮಾನ ಇಳಿಯುತ್ತದಲ್ಲ, ಅದೇ ಊರು. "ನಮ್ಮೂರಿಗೆ ವಿಮಾನ ಬಂದ್ರೂ ನಾನಿನ್ನೂ ಬಸ್ಸಲ್ಲೇ ಇದೀನಿ ನೋಡಿ ಅತ್ತೆ" ಎಂದು ನಗುತ್ತಾನೆ. ಹದಿನಾರನೇ ವಯಸ್ಸಿಗೆ ಖಾಸಗಿ ಬಸ್ಸಿನಲ್ಲಿ ಕ್ಲೀನರ್ ಆಗಿ ಸೇರಿದ. ಬಾಗಿಲಲ್ಲಿ ನೇತಾಡಿ, ಆಮೇಲೆ ಟಿಕೆಟು ಹರಿದು, ಇಪ್ಪತ್ತೈದಕ್ಕೆ ಸ್ಟೇರಿಂಗ್ ಹಿಡಿದ. ಶಿವಮೊಗ್ಗದಿಂದ ಭದ್ರಾವತಿ, ಭದ್ರಾವತಿಯಿಂದ ಶಿವಮೊಗ್ಗ, ದಿನವೆಲ್ಲ ಅದೇ ರೋಡು. ಮೊದಲ ಸಿಗರೇಟು ಕೊಟ್ಟವನು ಅವನಿಗೆ ಕೆಲಸ ಕಲಿಸಿದ ಡ್ರೈವರು, ಬೆಳಗಿನ ಫಸ್ಟ್ ಬಸ್ಸಿನಲ್ಲಿ ತೂಕಡಿಸಬಾರದೆಂದು. ಆಮೇಲೆ ಅದೇ ಲೆಕ್ಕವಾಯಿತು. ಆ ಸ್ಟ್ಯಾಂಡ್ ಮುಟ್ಟಿದರೆ ಒಂದು, ಈ ಸ್ಟ್ಯಾಂಡ್ ಮುಟ್ಟಿದರೆ ಒಂದು.

ನಮ್ಮ ಮಗಳು ಯಶೋಧರಾಳನ್ನು ಕೊಟ್ಟಾಗ ಅವನು ಸೇದುತ್ತಾನೆಂದು ನಮಗೆ ಗೊತ್ತಿತ್ತು. ಸೇದದ ಗಂಡಸರನ್ನು ನಾನು ಕಂಡದ್ದೇ ಕಡಿಮೆ. ನನ್ನ ಯಜಮಾನರು ಕೃಷ್ಣಪ್ಪನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆ ಮುಂದೆ ದುಡಿದವರು. ಒಳಗೆ ಬೆಂಕಿ ಸಾಲದೆಂದು ಹೊರಗೆ ಬಂದು ಬೀಡಿ ಹಚ್ಚುತ್ತಿದ್ದರು. ಕೆಂಪು ದಾರ ಕಟ್ಟಿದ ಬೀಡಿ, ದಿನಕ್ಕೆ ಎರಡು ಕಟ್ಟು. ಕೊನೆಗೆ ಎದೆ ಕಟ್ಟಿ, ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡುವ ಹಾಗಾಗಿ, ಒಂಬತ್ತು ವರ್ಷದ ಹಿಂದೆ ಹೋದರು. ಆ ಕೊನೆಯ ಆರು ತಿಂಗಳು ಅವರನ್ನು ಎತ್ತಿ, ಸ್ನಾನ ಮಾಡಿಸಿ, ಕೈತುತ್ತು ಹಾಕಿದವನು ಯೋಗರಾಜ. ಅವರು ಹೋದಾಗ ತಲೆ ಬೋಳಿಸಿಕೊಂಡವನೂ ಅವನೇ. "ಮನೆ ಅಳಿಯ" ಎಂದು ಜನ ಆಡಿಕೊಂಡರೂ ಭದ್ರಾವತಿ ಹಳೇನಗರದ ನಮ್ಮ ಮನೆಗೆ ಬಂದು ನಿಂತ. ನನ್ನನ್ನು ಒಬ್ಬಳೇ ಬಿಡಬಾರದೆಂದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದಕ್ಕೆಲ್ಲ ಅದೇ ಮುಖ್ಯ. ಮದುವೆಯಾಗಿ ಹದಿನೈದು ವರ್ಷವಾದರೂ ಯೋಗರಾಜ ನನ್ನ ಎದುರು ಒಂದು ದಿನವೂ ಸಿಗರೇಟು ಹಚ್ಚಿದವನಲ್ಲ. ನಮ್ಮಲ್ಲಿ ಅಳಿಯನಾದವನು ಅತ್ತೆ ಮಾವನ ಮುಂದೆ ಸೇದುವುದಿಲ್ಲ. ನಾನು ಬಾಗಿಲಿಗೆ ಬಂದರೆ ಸಾಕು, ಕೈ ಬೆನ್ನ ಹಿಂದೆ ಹೋಗುತ್ತಿತ್ತು. ಒಮ್ಮೆ ಹಾಗೆ ಬಚ್ಚಿಟ್ಟು ಅಂಗಿ ಸುಟ್ಟುಕೊಂಡ. "ಏನಪ್ಪಾ, ಬೆನ್ನಲ್ಲಿ ಹೊಗೆ ಬರ್ತಿದೆ" ಅಂದೆ. "ಇಸ್ತ್ರಿ ಜಾಸ್ತಿ ಆಯ್ತು ಅತ್ತೆ" ಅಂದ.

ಅವನ ನಲವತ್ತೆರಡನೇ ವರ್ಷದ ಸಂಕ್ರಾಂತಿ ಹೊತ್ತಿಗೆ ಎಡಗಾಲಿನ ಕಿರುಬೆರಳು ಕಪ್ಪಾಯಿತು. ಮೊದಲು ಬಸ್ಸಿನ ಕಬ್ಬಿಣ ತಗುಲಿತು ಅಂದುಕೊಂಡೆವು. ನಡೆದರೆ ಮೀನಖಂಡ ಹಿಡಿಯುತ್ತಿತ್ತು, ನಿಂತರೆ ಬಿಡುತ್ತಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಸ್ಫೂರ್ತಿ ಎಂದು ಹೆಸರು, ನಮ್ಮ ಯಶೋಧರಾಗಿಂತ ಚಿಕ್ಕವಳು, ಬೆರಳು ಒತ್ತಿ ಒತ್ತಿ ನೋಡಿ, "ಇದು ಹೊಗೆ ಕುಡಿಯೋರ ಕಾಲಿಗೆ ಬರೋ ಕಾಯಿಲೆ. ರಕ್ತದ ದಾರಿ ಮುಚ್ಕೊಂಡು ಹೋಗುತ್ತೆ. ಸಿಗರೇಟು ಬಿಟ್ರೆ ಕಾಲು ನಿಮ್ದು, ಬಿಡದಿದ್ರೆ ನಮ್ದು" ಅಂದಳು. ಆ ಬೆರಳು ತೆಗೆದರು. ಯೋಗರಾಜ ಅವತ್ತೇ ಸಿಗರೇಟು ಬಿಟ್ಟ. ಎಂಟು ತಿಂಗಳು ಮುಟ್ಟಲಿಲ್ಲ. ಕಾಲಿಗೆ ಬಣ್ಣ ಬಂತು, ಬಸ್ಸು ಹತ್ತಿದ, ಊಟ ರುಚಿಸುತ್ತದೆಂದು ನನ್ನ ಸಾರಿಗೆ ಉಪ್ಪು ಕಡಿಮೆ ಅನ್ನುವಷ್ಟು ಧೈರ್ಯವೂ ಬಂತು.

ಆಮೇಲೆ ಬಂತು ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ.

ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆ ಮೇಲೆ ಎಡೆ ಇಡುವುದು ನಮ್ಮ ಪದ್ಧತಿ. ಕಡುಬು, ಕೋಳಿಸಾರು, ವಡೆ, ಅವರ ಪಂಚೆ, ಕನ್ನಡಕ, ಎಲ್ಲ ಇಡುತ್ತೇವೆ. ಧೂಪ ಹಾಕಿ, ಎಲ್ಲರೂ ಹೊರಗೆ ಬಂದು, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚುತ್ತೇವೆ. ಯಜಮಾನರ ಎಡೆಗೆ ನಾನು ವರ್ಷಾ ವರ್ಷಾ ಬೀಡಿಯನ್ನೂ ಇಡುತ್ತಿದ್ದೆ. ಅವರನ್ನು ಕೊಂದದ್ದು ಅದೇ ಎಂದು ಗೊತ್ತಿದ್ದೂ ಇಡುತ್ತಿದ್ದೆ. ಅವರು ಊಟವಾದ ಮೇಲೆ ಜೇಬು ತಡವಿಕೊಳ್ಳುವುದು ನನ್ನ ಕಣ್ಣಿಗೆ ಕಟ್ಟಿತ್ತು, ಕೊಡದಿದ್ದರೆ ಹೇಗೆ? ಬರೀ ಇಟ್ಟರೆ ಸಾಲದು, ಬಾಗಿಲು ಮುಚ್ಚುವಾಗ ಬೀಡಿ ಹೊಗೆಯಾಡುತ್ತಿರಬೇಕು. ಬೀಡಿ ಊದುಬತ್ತಿಯ ಹಾಗೆ ತಾನಾಗಿ ಹತ್ತಿಕೊಳ್ಳುವುದಿಲ್ಲ, ಯಾರಾದರೂ ಬಾಯಲ್ಲಿಟ್ಟು ಎರಡು ದಮ್ಮು ಎಳೆಯಬೇಕು. ಪ್ರತಿ ವರ್ಷ ನನ್ನ ಮೈದುನ ಬಂದು ಹಚ್ಚಿಕೊಡುತ್ತಿದ್ದ. ಆ ವರ್ಷ ಅವನಿಗೆ ಕಣ್ಣಿನ ಆಪರೇಷನ್ ಆಗಿತ್ತು, ಬರಲಿಲ್ಲ.

ಎಡೆ ಎಲ್ಲ ಆಗಿತ್ತು, ಬೀಡಿ ಮಾತ್ರ ತಣ್ಣಗೆ ಕೂತಿತ್ತು. ನಾನು ಯೋಗರಾಜನ ಕಡೆ ತಿರುಗಿದೆ.

"ನೀನೇ ಹಚ್ಚಿಡಪ್ಪಾ. ಮಗ ಹಚ್ಚಬೇಕಾದ್ದು. ಮಗ ಅಂದ್ರೆ ನೀನೇ ತಾನೆ?"

ಅವನು ನನ್ನ ಮುಖ ನೋಡಿದ. ಬೀಡಿ ನೋಡಿದ. ಯಶೋಧರಾ ಒಲೆ ಮುಂದೆ ಇದ್ದಳು, ಅವಳಿಗೆ ಕೇಳಿಸಲಿಲ್ಲ. ನಾನು ಮಗ ಅಂದುಬಿಟ್ಟಿದ್ದೆನಲ್ಲ, ಆ ಮಾತಿಗೆ ಆಗಲ್ಲ ಅನ್ನುವುದು ಹೇಗೆ? ಬೆಂಕಿಕಡ್ಡಿ ಗೀರಿದ. ಒಂದು ದಮ್ಮು ಎಳೆದ, ಹತ್ತಲಿಲ್ಲ. ಇನ್ನೊಂದು ಎಳೆದ. ಹದಿನೈದು ವರ್ಷದಲ್ಲಿ ಅವನು ನನ್ನೆದುರು ಸೇದಿದ್ದು ಆ ಎರಡು ದಮ್ಮು, ಅದೂ ನಾನೇ ಹೇಳಿ. ನನಗೆ ಆಗ ಹೊಳೆಯಲೇ ಇಲ್ಲ. ಬಾಗಿಲು ಮುಚ್ಚಿ ಹೊರಗೆ ನಿಂತಾಗ, ಎಂಥಾ ಅಳಿಯ ನನಗೆ ಎಂದು ಹೆಮ್ಮೆಪಡುತ್ತಿದ್ದೆ.

ನಾಲ್ಕು ದಿನ ಬಿಟ್ಟು ಅವನ ಅಂಗಿ ನೆನೆಹಾಕುವಾಗ ಜೇಬಿನಲ್ಲಿ ಏಲಕ್ಕಿ ಸಿಪ್ಪೆ ಸಿಕ್ಕಿತು. ಬೀಡಿ ಸೇದುವವರ ಜೊತೆ ಮೂವತ್ತೊಂದು ವರ್ಷ ಬಾಳಿದವಳಿಗೆ ಏಲಕ್ಕಿ ಯಾಕೆಂದು ಹೇಳಿಕೊಡಬೇಕೆ? ಅಂಗಿ ಮೂಸಿದೆ. ಅದೇ ಹೊಗೆಯ ವಾಸನೆ. ಆದರೂ ಬಾಯಿ ಬಿಡಲಿಲ್ಲ. ಅತ್ತೆಯಾದವಳು ಅಳಿಯನನ್ನು ಹೇಗೆ ಕೇಳುವುದು ಎಂದು ಸುಮ್ಮನಾದೆ. ಅದು ನನ್ನ ಎರಡನೇ ತಪ್ಪು. ಮತ್ತೆ ಐದು ದಿನ ಹೋಯಿತು. ಒಂದು ಬೆಳಿಗ್ಗೆ ಅವನು ಬಚ್ಚಲಿಂದ ಕುಂಟುತ್ತಾ ಬಂದ. ಬಲಗಾಲಿನ ಹೆಬ್ಬೆರಳ ಉಗುರಿನ ಪಕ್ಕ ಹುಣ್ಣು, ಸುತ್ತ ಹಣ್ಣಾದ ನೇರಳೆಯ ಬಣ್ಣ.

ಡ್ರೈವರಿಗೆ ಬಲಗಾಲು ಅಂದರೆ ಬ್ರೇಕು. ಅದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಡಾಕ್ಟರಮ್ಮ ಕಾಲು ನೋಡಿದವಳೇ ಕೇಳಿದಳು: "ಮತ್ತೆ ಶುರು ಮಾಡಿದ್ರಾ?"

"ಇಲ್ಲ ಮೇಡಂ."

"ಯೋಗರಾಜ್, ನಿಮ್ಮ ಕಾಲು ಸುಳ್ಳು ಹೇಳಲ್ಲ."

ಅವನು ತಲೆ ತಗ್ಗಿಸಿದ. ಯಶೋಧರಾ ಗಂಡನ ಕಡೆ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ನಾನೇ ಮುಂದೆ ಬಂದೆ. "ಅವನನ್ನ ಬೈಬೇಡಿ ತಾಯಿ. ಹಚ್ಚಿಸಿದ್ದು ನಾನು." ಎಡೆಯದು, ಬೀಡಿಯದು, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಡಾಕ್ಟರಮ್ಮ ನಗಲೂ ಇಲ್ಲ, ಬೈಯಲೂ ಇಲ್ಲ. ಯೋಗರಾಜನೇ ಮಾತಾಡಿದ: "ಅತ್ತೆ, ಎರಡು ದಮ್ಮು ನಿಮ್ದು. ಮಿಕ್ಕಿದ್ದೆಲ್ಲಾ ನಂದು. ಮಾರನೇ ದಿನ ಅಂಗಡೀಲಿ ತಗೊಂಡವನು ನಾನೇ ತಾನೆ."

ಆ ಮಾತು ಕೇಳಿ ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ಇಷ್ಟು ಒಪ್ಕೊಂಡೋರು ಬಿಡ್ತಾರೆ" ಅಂದಳು. "ಆದ್ರೆ ಎರಡನೇ ಸಲ ಮೊದಲಿಗಿಂತ ಕಷ್ಟ. ಮೊದಲನೇ ಸಲ ಹೆದರಿಕೆ ಕಾಪಾಡ್ತು. ಈಗ ಹೆದರಿಕೆ ಹಳೇದಾಗಿದೆ. ಬೇರೆಯವರಿಗಾದ್ರೆ ಸಿಗರೇಟು ಬಿಡೋಕೆ ಜಗಿಯೋ ಔಷಧಿ ಕೊಡ್ತೀನಿ, ಅದರಲ್ಲೂ ಹೊಗೆಸೊಪ್ಪಿನ ಅಂಶ ಇರುತ್ತೆ, ನಿಮ್ಮ ಕಾಯಿಲೆಗೆ ಅದೂ ಆಗಲ್ಲ. ಹೊಗೆಸೊಪ್ಪು, ಗುಟ್ಕಾ ಯಾವುದೂ ಇಲ್ಲ. ಪಕ್ಕದವರು ಬಿಟ್ಟ ಹೊಗೇನೂ ಬೇಡ. ಮೂರು ವಾರ. ದೀಪಾವಳಿ ಮುಗಿಸಿ ಬನ್ನಿ. ಅಷ್ಟರಲ್ಲಿ ಕಪ್ಪು ಮೇಲಕ್ಕೆ ಹತ್ತಿದ್ರೆ ನಾನು ಬೆರಳಿನ ಮಾತಾಡಲ್ಲ, ಪಾದದ ಮಾತಾಡ್ತೀನಿ."

ಹೊರಗೆ ಬಂದ ಕೂಡಲೇ ಅವನು ಜೇಬಿನಿಂದ ಪ್ಯಾಕು ತೆಗೆದು, ಮುರಿದು, ಆಸ್ಪತ್ರೆ ಬಾಗಿಲ ಕಸದ ಡಬ್ಬಿಗೆ ಹಾಕಿದ. ಆಮೇಲೆ ಏಲಕ್ಕಿಯನ್ನೂ ಹಾಕಿದ.

ಬಿಡುವುದು ಅಂದರೆ ಅಷ್ಟೇ ಎಂದು ನಾನು ತಿಳಿದಿದ್ದೆ. ಮೊದಲನೇ ಸಲ ಅವನು ಆಸ್ಪತ್ರೆ ಮಂಚದ ಮೇಲೆ ಬಿಟ್ಟಿದ್ದ, ನೋವಿನ ಮಾತ್ರೆಯ ಮತ್ತಿನಲ್ಲಿ. ನಾವು ಏನೂ ಕಂಡಿರಲಿಲ್ಲ. ಈ ಸಲ ಮನೆಯಲ್ಲಿ ಬಿಟ್ಟ. ಮೊದಲ ದಿನ ಮೂರು ಸಲ ಸ್ನಾನ ಮಾಡಿದ. ಎರಡನೇ ದಿನ ಬೆವರು, ತಲೆನೋವು, ಕೂತಲ್ಲಿ ಕೂರಲಾಗದು. ಎಂಟನೇ ಕ್ಲಾಸಿನ ಮೊಮ್ಮಗಳು, ಕವನ ಎಂದು ಹೆಸರು, ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. "ಬಾಯಿ ಮುಚ್ಚೇ!" ಎಂದು ಅನ್ನದ ತಟ್ಟೆ ಎಸೆದ. ಸಾರು ಗೋಡೆಗೆ ಹಾರಿತು. ಮಗಳ ಮೇಲೆ ಎಂದೂ ದನಿ ಎತ್ತಿದವನಲ್ಲ. ಕವನ ಅಳಲಿಲ್ಲ, ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ನೋಡಿದರೆ ಅವನು ಮೊಣಕಾಲೂರಿ, ಹುಣ್ಣಿನ ಕಾಲನ್ನು ಒಂದು ಕಡೆ ಚಾಚಿಕೊಂಡು, ಗೋಡೆ ಒರೆಸುತ್ತಿದ್ದ. ಯಶೋಧರಾ ಬಟ್ಟೆ ಕಿತ್ತುಕೊಳ್ಳಲು ಹೋದರೆ ಕೊಡಲಿಲ್ಲ. ಒರೆಸಿ ಮುಗಿಸಿ ಒಳಗೆ ಹೋಗಿ, "ಓದು ಪುಟ್ಟಾ, ಗಟ್ಟಿಯಾಗೇ ಓದು. ನಾನು ಕೇಳ್ತೀನಿ" ಅಂದ. ಅವಳು ಯಾವುದೋ ರಾಜರ ಪಾಠ ಓದಿದಳು. ಅವನು ಹಲ್ಲು ಕಚ್ಚಿಕೊಂಡು ಪೂರ್ತಿ ಕೇಳಿದ.

ಬಸ್ಸಿನ ಮಾಲೀಕ ವಿಜಯಕುಮಾರ್ ಒಳ್ಳೆಯ ಮನುಷ್ಯ. ಕಾಲು ವಾಸಿಯಾಗುವ ತನಕ ಬಸ್ಸು ಬೇಡ, ಶಿವಮೊಗ್ಗದ ಖಾಸಗಿ ಸ್ಟ್ಯಾಂಡಿನಲ್ಲಿ ಸ್ಟೂಲ್ ಹಾಕಿಕೊಂಡು ಜನ ಕೂಗು ಅಂದ. ಮೂರನೇ ದಿನ ಯೋಗರಾಜ ಆ ಕೆಲಸಕ್ಕೆ ಹೋದ. ಸಂಜೆ ಬಂದವನ ಮುಖ ಬಾಡಿತ್ತು. ಕಾಫಿ ಮುಂದಿಟ್ಟರೆ ಕುಡಿಯಲಿಲ್ಲ.

"ಅತ್ತೆ, ನಾಳೆಯಿಂದ ನನ್ನ ಜೊತೆ ಸ್ಟ್ಯಾಂಡಿಗೆ ಬರ್ತೀರಾ?"

"ನಾನ್ಯಾಕಪ್ಪಾ?"

"ಆ ಬೆಂಚ್ ಮೇಲೆ ಸುಮ್ನೆ ಕೂತಿರಿ. ಬಸ್ಸು ಬಂದು ನಿಂತ ಕೂಡ್ಲೇ ಎಲ್ರೂ ಹಚ್ತಾರೆ. ಮುರಳಿ ಬಂದು ಬೈಟು ಹೊಡಿಯೋಣ ಬಾ ಅಂತಾನೆ." ಮುರಳಿ ಅವನ ಬಸ್ಸಿನ ಕಂಡಕ್ಟರು. ಹೋಟೆಲಿನಲ್ಲಿ ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ಹಾಗೆ ಇವರು ಒಂದು ಸಿಗರೇಟನ್ನು ಇಬ್ಬರು ಹಂಚಿಕೊಳ್ಳುತ್ತಿದ್ದರು, ಹನ್ನೆರಡು ವರ್ಷದಿಂದ. "ಇವತ್ತು ಎರಡು ಸಲ ಕೈ ಚಾಚಿದ್ದೆ ಅತ್ತೆ. ಸುಳ್ಳು ಯಾಕೆ ಹೇಳ್ಲಿ. ಎಡೆ ಮುಂದಿನ ಆ ಎರಡು ದಮ್ಮು ಬಿಟ್ರೆ ನಿಮ್ಮ ಮುಂದೆ ನಾನು ಯಾವತ್ತೂ ಸೇದಿಲ್ಲ. ನೀವು ಎದುರಿಗಿದ್ರೆ ನನ್ನ ಕೈ ಏಳಲ್ಲ."

ಯಶೋಧರಾ, "ಅಮ್ಮನ ಮಂಡಿ ನೋವು ನೋಡ್ಬೇಡ್ವಾ ಮಾರಾಯ? ನಾನು ಬರ್ತೀನಿ" ಅಂದಳು.

"ನಿನ್ನ ಮುಂದೆ ಸೇದಿದೀನಲ್ಲೇ. ನೀನಿದ್ರೆ ಏನ್ ಪ್ರಯೋಜನ?"

ಆ ಮಾತಿಗೆ ಅವಳೂ ನಕ್ಕಳು. ತಟ್ಟೆ ಎಸೆದ ಮೇಲೆ ಮನೆಯಲ್ಲಿ ಬಂದ ಮೊದಲ ನಗು ಅದು.

ಹೀಗೆ ನಾನು, ಉಚ್ಚಂಗಮ್ಮ, ಅರವತ್ತೊಂಬತ್ತನೇ ವಯಸ್ಸಿನಲ್ಲಿ ಬಸ್ ಸ್ಟ್ಯಾಂಡಿಗೆ ಡ್ಯೂಟಿಗೆ ಸೇರಿದೆ. ಸುಮ್ಮನೆ ಕೂತರೆ ನನಗೆ ಮೈ ಕಚ್ಚುತ್ತದೆ. ದೀಪಾವಳಿ ಹತ್ತಿರವಿತ್ತು, ಹತ್ತಿ ತೆಗೆದುಕೊಂಡು ಹೋಗಿ ದೀಪದ ಬತ್ತಿ ಹೊಸೆಯುತ್ತಾ ಕೂತೆ. ಯೋಗರಾಜ ಸ್ಟೂಲಿನ ಮೇಲೆ ಕಾಲಿಗೆ ಉಣ್ಣೆ ಬಟ್ಟೆ ಸುತ್ತಿಕೊಂಡು, "ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ, ಭದ್ರಾವತೀ!" ಎಂದು ಕೂಗುತ್ತಿದ್ದ. ಅವನ ದನಿ ಬಂಗಾರ. ಕೂಗುವಾಗ ಏನೂ ಇಲ್ಲ. ಬಸ್ಸು ಹೊರಟು ಸ್ಟ್ಯಾಂಡು ಖಾಲಿಯಾಯಿತು ಅನ್ನಿ, ಕೈ ಜೇಬು ತಡವುತ್ತಿತ್ತು. ಖಾಲಿ ಜೇಬು ತಡವಿ, ಮೂಗು ಮುಟ್ಟಿ, ಕಿವಿ ಮುಟ್ಟಿ, ಮತ್ತೆ ಜೇಬಿಗೆ. ನನಗೆ ಅದನ್ನು ನೋಡಲಾಗಲಿಲ್ಲ. ಒಂದು ಚೂರು ಹತ್ತಿ ಕೊಟ್ಟೆ.

"ಹೊಸಿ."

"ನನಗೆ ಬರಲ್ಲ ಅತ್ತೆ."

"ಸಿಗರೇಟು ಹುಟ್ಟಿದಾಗಲೇ ಬರ್ತಿತ್ತಾ? ಹೊಸಿ."

ಮೊದಲ ಬತ್ತಿ ಹಲ್ಲಿ ಬಾಲದ ಹಾಗೆ ಬಂತು. ಹತ್ತನೆಯದು ಪರವಾಗಿಲ್ಲ ಅನ್ನಿಸಿತು. ಆ ದಿನದಿಂದ ಬಸ್ಸು ಹೊರಟ ಕೂಡಲೇ ಅವನು ಕೈ ಚಾಚುತ್ತಿದ್ದ, ನಾನು ಹತ್ತಿ ಇಡುತ್ತಿದ್ದೆ. ಸ್ಟ್ಯಾಂಡಿನಲ್ಲಿ ನಗೆಯೋ ನಗೆ. ಟೀ ಅಂಗಡಿಯ ವೀರಮ್ಮನ ಬಾಯಿ ಸಣ್ಣದಲ್ಲ.

"ಏನ್ ಯೋಗಣ್ಣ, ಡ್ರೈವರ್ ಕೆಲಸ ಬಿಟ್ಟು ಪೂಜಾರಿ ಆದ್ಯಾ?"

"ಹೂಂ ವೀರಕ್ಕ, ನಿನ್ನ ಅಂಗಡಿಗೇ ಮೊದಲ ಮಂಗಳಾರತಿ."

"ಅತ್ತೆಮ್ಮನ್ನ ಕಾವಲಿಗೆ ಕರ್ಕೊಂಡು ಬಂದಿರೋ ಗಂಡಸನ್ನ ನಾನು ಇವತ್ತೇ ನೋಡಿದ್ದು ಮಾರಾಯ!"

ಆಡಿಕೊಂಡವಳೇ ಮಾರನೇ ದಿನದಿಂದ ಅವನಿಗೆ ಟೀ ಕೊಡುವುದು ನಿಲ್ಲಿಸಿದಳು. ಟೀ ಕುಡಿದರೆ ಸಿಗರೇಟಿನ ನೆನಪು ಬರುತ್ತದೆಂದು ನಾನು ಹೇಳಿದ್ದೆ. ಬಿಸಿನೀರಿಗೆ ಜೀರಿಗೆ ಹಾಕಿ ಲೋಟ ತಂದಿಟ್ಟು, "ಕುಡಿ. ಕಷಾಯಕ್ಕೆ ಯಾರೂ ಬೈಟು ಕೇಳಲ್ಲ" ಅನ್ನುತ್ತಿದ್ದಳು.

ನಾನು ಯಾವಾಗಲೂ ಅಲ್ಲಿ ಕೂತಿರುತ್ತೇನೆ ಎಂಬ ಧೈರ್ಯದ ಮೇಲೆ ಎಷ್ಟು ದಿನ ನಡೆದೀತು? ಹನ್ನೆರಡನೇ ದಿನ ನನ್ನ ಮಂಡಿ ಊದಿ ಎದ್ದೇಳಲು ಆಗಲಿಲ್ಲ. ಅವನು, "ಇವತ್ತು ನಾನೂ ಹೋಗಲ್ಲ" ಅಂದ. ಅಂದವನು ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತು, ಏನೋ ಯೋಚಿಸಿ, ಚಪ್ಪಲಿ ಮೆಟ್ಟಿ ಹೋಗಿಯೇಬಿಟ್ಟ. ಆ ಹಗಲು ನಾನು ಪಟ್ಟ ಪಾಡು ನನಗೇ ಗೊತ್ತು. ಹಾಸಿಗೆಯಲ್ಲಿ ಬಿದ್ದುಕೊಂಡು ಒಂದೊಂದು ಬಸ್ಸಿನ ಟೈಮೂ ಮನಸ್ಸಿನಲ್ಲೇ ಕಳೆದೆ. ಈಗ ಬಂತು, ಈಗ ಜನ ಇಳಿದರು, ಈಗ ಮುರಳಿ ಜೇಬಿಗೆ ಕೈ ಹಾಕಿದ.

ಸಂಜೆ ಬಂದಾಗ ಅವನ ಜೊತೆ ಮುರಳಿಯೂ ಬಂದಿದ್ದ. ಹೊಸ್ತಿಲಲ್ಲೇ ನಿಂತ.

"ಅಮ್ಮಾ, ನಿಮ್ಮ ಕಾಲಿಗೆ ಬೀಳ್ಬೇಕು ನಾನು."

"ಏನಾಯ್ತೋ?" ನಾನು ಗೋಡೆ ಹಿಡಿದು ಎದ್ದು ಕೂತೆ.

"ಬದಲಿ ಡ್ರೈವರ್ ಒಬ್ಬ ಇದಾನಲ್ಲ, ಅವನು ಇವತ್ತು ಎಲ್ಲರ ಮುಂದೆ, ಕುಂಟನ ಬಸ್ಸು ಇನ್ಮೇಲೆ ನಂದೇ ಅಂದ. ಇವನಿಗೆ ರೇಗ್ತು. ನನ್ನ ಹತ್ರ ಬಂದು, ಕೊಡೋ ಒಂದು ಅಂದ. ನಾನು, ನಾನೂ ಕೊಟ್ಟೆ ಅಮ್ಮಾ, ಪಾಪ ಬೇಜಾರಾಗಿದೆ ಅಂತ. ಬಾಯಿಗಿಟ್ಕೊಂಡ. ಕಡ್ಡಿ ಗೀರಿ ಹತ್ರ ಹಿಡಿದೆ. ಇವನು ನೀವು ಕೂರೋ ಬೆಂಚಿನ ಕಡೆ ನೋಡಿದ. ನೀವಿರ್ಲಿಲ್ಲ. ಬೇರೆ ಯಾವುದೋ ಅಜ್ಜಿ ಕೂತಿತ್ತು. ಆ ಅಜ್ಜಿನೇ ನೋಡ್ತಾ ನಿಂತ. ಕಡ್ಡಿ ನನ್ನ ಬೆರಳು ಸುಡ್ತು. ಆಮೇಲೆ ಸಿಗರೇಟು ಬಾಯಿಂದ ತೆಗೆದು, ತಗೋ ಮುರಳಿ, ಒದ್ದೆ ಆಗಿದೆ, ನೀನೇ ಸೇದು ಅಂದ. ಹೋಗಿ ಆ ಅಜ್ಜಿ ಪಕ್ಕ ಕೂತು ಜೇಬಿಂದ ಹತ್ತಿ ತೆಗೆದ. ಹತ್ತಿ ಅಮ್ಮಾ! ಗಂಡಸು ಜೇಬಲ್ಲಿ ಹತ್ತಿ ಇಟ್ಕೊಂಡು ಓಡಾಡ್ತಾನೆ!"

ಯೋಗರಾಜ ಬೇರೆ ಯಾರದೋ ವಿಷಯ ಎಂಬಂತೆ ಕಾಲಿನ ಬಟ್ಟೆ ಬಿಚ್ಚುತ್ತಿದ್ದ. ಮುರಳಿ ಸೇದುವುದನ್ನು ಬಿಟ್ಟ ಎಂದು ಬರೆದರೆ ಸುಳ್ಳಾಗುತ್ತದೆ. ಅವನು ಈಗಲೂ ಸೇದುತ್ತಾನೆ. ಆದರೆ ಅವತ್ತಿನಿಂದ ಸ್ಟ್ಯಾಂಡಿನ ಆ ತುದಿಗೆ ಹೋಗಿ ಒಬ್ಬನೇ ಸೇದಿ, ಬಾಯಿ ಮುಕ್ಕಳಿಸಿ ಬರುತ್ತಾನೆ. ಅದೂ ಒಂದು ಸ್ನೇಹವೇ.

ದೀಪಾವಳಿ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಇನ್ನೊಂದು ಸಣ್ಣ ಎಡೆ ಉಂಟು. ಮಹಾಲಯಕ್ಕೆ ಬಾರದಿದ್ದ ನನ್ನ ಮೈದುನ ಕಪ್ಪು ಕನ್ನಡಕ ಹಾಕಿಕೊಂಡು ಬಂದ. ನಾನು ಆ ಸಲ ಬೀಡಿ ತರಿಸಿರಲಿಲ್ಲ. ಬಾಯಿಬಿಟ್ಟು ಹೇಳುವ ಧೈರ್ಯವೂ ಸಾಲದೆ, ಕಣ್ಣು ಕಾಣದವನು ಗಮನಿಸಲಿಕ್ಕಿಲ್ಲ ಅಂದುಕೊಂಡಿದ್ದೆ. ಅವನು ಎಡೆಯ ಮುಂದೆ ಬಗ್ಗಿ ಒಂದೊಂದನ್ನೇ ನೋಡಿದ.

"ಅತ್ತಿಗೆ, ಬೀಡಿ ಎಲ್ಲಿ?"

"ಇಲ್ಲ ಕಣಪ್ಪಾ ಈ ಸಲ."

"ಇಲ್ಲ ಅಂದ್ರೆ? ಅಣ್ಣ ಊಟ ಬೇಕಾದ್ರೆ ಬಿಟ್ಟಾನು, ಬೀಡಿ ಬಿಟ್ಟಾನಾ? ಹೊಟ್ಟೆ ಉರ್ಕೊಂಡು ಹೋಗ್ತಾನೆ. ಮನೆಗೆ ಒಳ್ಳೇದಾಗಲ್ಲ." ತನ್ನ ಜೇಬಿಂದಲೇ ಒಂದು ಬೀಡಿ ತೆಗೆದ. ಅದೇ ಕೆಂಪು ದಾರ. ಬಾಯಿಗಿಟ್ಟುಕೊಂಡು ಬೆಂಕಿಪೊಟ್ಟಣಕ್ಕೆ ತಡಕಾಡಿದ.

ನನ್ನ ಎದೆ ಎರಡು ಪಾಲಾಯಿತು. ಒಂದು ಕಡೆ ಹೋದ ಗಂಡ, ಒಂದು ಕಡೆ ಇರುವ ಅಳಿಯ. ಹೋದವರು ಜೇಬು ತಡವಿಕೊಳ್ಳುವುದು ಕಣ್ಣ ಮುಂದೆ ಬಂತು. ಆ ಸಣ್ಣ ಕೋಣೆಯಲ್ಲಿ ಹೊಗೆ ತುಂಬಿದರೆ ಏನಾಗುತ್ತದೆಂಬುದೂ ಬಂತು.

ಯೋಗರಾಜ ಮೆಲ್ಲಗೆ ಎದ್ದು ಬಂದು ನನ್ನ ಮೈದುನನ ಬಾಯಿಂದ ಬೀಡಿ ತೆಗೆದುಕೊಂಡ. ಕಿತ್ತುಕೊಳ್ಳಲಿಲ್ಲ, ಮಗುವಿನ ಬಾಯಿಂದ ಕಲ್ಲು ತೆಗೆಯುವ ಹಾಗೆ ತೆಗೆದುಕೊಂಡ.

"ಚಿಕ್ಕಮಾವ, ಕೊನೇ ಆರು ತಿಂಗಳು ಮಾವನ್ನ ಎತ್ತಿ ಕೂರಿಸ್ತಿದ್ದವನು ನಾನು. ಒಂದೊಂದು ಉಸಿರಿಗೂ ಅವರು ಪಟ್ಟ ಕಷ್ಟ ನಾನು ನೋಡಿದೀನಿ. ಬದುಕಿದ್ದಾಗಂತೂ ಬಿಡೋಕಾಗ್ಲಿಲ್ಲ, ಈಗಾದ್ರೂ ಬಿಡ್ಲಿ ಬಿಡಿ. ನಾನೂ ಬಿಟ್ಟು ಇವತ್ತಿಗೆ ಇಪ್ಪತ್ತು ದಿನ. ಇಬ್ರೂ ಒಟ್ಟಿಗೇ ಬಿಡ್ತೀವಿ. ಒಬ್ಬರಿಗೊಬ್ರು ಜೊತೆ ಇರ್ತೀವಿ."

ಮೈದುನ ಕಪ್ಪು ಕನ್ನಡಕದ ಕೆಳಗೆ ಕೈ ಹಾಕಿ ಕಣ್ಣು ಒರೆಸಿಕೊಂಡ. "ಆಪರೇಷನ್ ಆದ ಕಣ್ಣು, ನೀರು ಬರುತ್ತೆ" ಅಂದ.

ಬೀಡಿ ಇಡುತ್ತಿದ್ದ ಜಾಗದಲ್ಲಿ ಯೋಗರಾಜ ಒಂದು ಹಣತೆ ಇಟ್ಟ. ತಾನೇ ಹೊಸೆದ ಬತ್ತಿ ಹಾಕಿ, ಎಣ್ಣೆ ಬಿಟ್ಟು ಹಚ್ಚಿದ. ಅದಕ್ಕೆ ಯಾರೂ ದಮ್ಮು ಎಳೆಯಬೇಕಾಗಲಿಲ್ಲ. ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದೆವು. ಒಳಗೆ ಯಜಮಾನರು ಬಂದು ಜೇಬು ತಡವಿಕೊಂಡರೋ ಏನೋ. ಬೈಯುವುದಾದರೆ ನನ್ನನ್ನು ಬೈಯಲಿ ಎಂದುಕೊಂಡೆ. ಬಾಗಿಲು ತಟ್ಟಿ ಒಳಗೆ ಹೋದಾಗ ಹಣತೆ ನೆಟ್ಟಗೆ ಉರಿಯುತ್ತಿತ್ತು. ಆ ಮನುಷ್ಯರಿಗೆ ಸಿಟ್ಟು ಬಂದಿದ್ದರೆ ಒಂದು ಲೋಟವಾದರೂ ಉರುಳುತ್ತಿತ್ತು, ನನಗೆ ಗೊತ್ತಿಲ್ಲವೆ!

ಮಿಕ್ಕ ಬತ್ತಿಗಳನ್ನು ಕವನ ಬೀದಿಯ ಮನೆಮನೆಗೂ ಕೊಟ್ಟು ಬಂದಳು. ಆ ದೀಪಾವಳಿಗೆ ನಮ್ಮ ಬೀದಿಯಲ್ಲಿ ಉರಿದದ್ದು ಯೋಗರಾಜನ ಕೈಯ ಬತ್ತಿಗಳೇ. ಕೆಲವು ಹಲ್ಲಿ ಬಾಲದವೂ ಇದ್ದವು.

ಹಬ್ಬ ಮುಗಿದ ಮೇಲೆ ಡಾಕ್ಟರಮ್ಮ ಹೆಬ್ಬೆರಳನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದಳು. ಒತ್ತಿದಳು, ಬಿಟ್ಟಳು. ಒತ್ತಿದ ಕಡೆ ಬಿಳುಪಾಗಿ, ಮೆಲ್ಲಗೆ ಕೆಂಪು ಬಂತು. ನನಗೆ ಕಾಣಲೆಂದು ಮತ್ತೊಮ್ಮೆ ಒತ್ತಿ ತೋರಿಸಿದಳು. "ರಕ್ತ ವಾಪಸ್ ಬರ್ತಿದೆ ನೋಡಿ ಅಜ್ಜಿ. ಹುಣ್ಣು ಒಣಗ್ತಿದೆ. ಉಗುರು ಬಿದ್ದು ಹೋಗಬಹುದು, ಬೆರಳು ಉಳಿಯುತ್ತೆ." ಆಮೇಲೆ ಅವನ ಕಡೆ ತಿರುಗಿ, "ಇದು ನನ್ನ ಔಷಧಿಯಿಂದ ಆಗಿದ್ದಲ್ಲ ಯೋಗರಾಜ್. ಇದು ನೀವು ಮಾಡಿದ್ದು" ಅಂದಳು. ಅವನು ಥ್ಯಾಂಕ್ಸ್ ಹೇಳುವುದನ್ನೂ ಮರೆತು ತನ್ನ ಕಾಲನ್ನೇ ನೋಡುತ್ತಾ ಕೂತಿದ್ದ, ಹೊಸದಾಗಿ ಹುಟ್ಟಿದ ಕೂಸನ್ನು ನೋಡುವ ಹಾಗೆ.

ಕಾರ್ತಿಕ ಕಳೆದು ಒಂದು ಸೋಮವಾರ ಅವನು ಮತ್ತೆ ಬಸ್ಸು ಹತ್ತಿದ. ಆ ಮೊದಲ ಟ್ರಿಪ್ಪಿಗೆ ನಾನೂ ಹೋದೆ, ಡ್ರೈವರ್ ಸೀಟಿನ ಹಿಂದಿನ ಸೀಟು. ಮುರಳಿ ಟಿಕೆಟು ಕೊಡಲು ಬಂದು, "ಸ್ಟಾಫ್!" ಎಂದು ಕೂಗಿ ಮುಂದೆ ಹೋದ. ಮಲವಗೊಪ್ಪ ದಾಟುವಾಗ ಒಂದು ಎಮ್ಮೆ ಅಡ್ಡ ಬಂತು. ಯೋಗರಾಜನ ಬಲಗಾಲು ಬ್ರೇಕಿನ ಮೇಲೆ ಕೂತಿತು. ಬಸ್ಸು ಒಂದು ಕುಲುಕೂ ಇಲ್ಲದೆ ನಿಂತಿತು. ಎಮ್ಮೆ ಹೋಯಿತು. ಹಿಂದೆ ಯಾರೋ ಹೆಂಗಸರು ಮಾತಾಡುತ್ತಿದ್ದವರು ಮಾತು ಕೂಡ ನಿಲ್ಲಿಸಲಿಲ್ಲ. ಆ ಕಾಲಿನ ಕತೆ ಅವರಿಗೆ ಯಾಕೆ ಗೊತ್ತಿರಬೇಕು? ನನಗೆ ಮಾತ್ರ ಎದ್ದು ನಿಂತು, ಇವನು ನನ್ನ ಅಳಿಯ ಎಂದು ಇಡೀ ಬಸ್ಸಿಗೆ ಕೂಗಿ ಹೇಳಬೇಕು ಅನ್ನಿಸಿತು.

ಕೂಗಲಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ. ಭದ್ರಾವತಿ ಮುಟ್ಟಿ ಇಂಜಿನ್ ನಿಲ್ಲಿಸಿದ ಕೂಡಲೇ ಅವನು ತಿರುಗದೆಯೇ ಕೈಯನ್ನು ಹಿಂದಕ್ಕೆ ಚಾಚಿದ. ನಾನು ಸೆರಗಿನ ಗಂಟು ಬಿಚ್ಚಿ ಒಂದು ಚೂರು ಹತ್ತಿ ಇಟ್ಟೆ.